ಗಣಕಯಂತ್ರದ ಹೃದಯ: ಒಳ್ಳೆಯ ಎಸ್.ಎಂ.ಪಿ.ಎಸ್. ಆರಿಸುವ ಬಗೆ

ಮನುಷ್ಯನ ದೇಹದಲ್ಲಿ ಹೃದಯವು ಹಗಲಿರುಳು ದುಡಿಯುತ್ತದೆ. ಆದರೆ ಅದು ನೆನಪಿಗೆ ಬರುವುದು ಲಯ ತಪ್ಪಿದಾಗ ಮಾತ್ರ. ಗಣಕಯಂತ್ರದಲ್ಲಿಯೂ ಇಂಥದೇ ಒಂದು ಅವಯವವುಂಟು. ಗೋಡೆಯ ಸಾಕೆಟ್ಟಿನಿಂದ ಬಂದ ವಿದ್ಯುತ್ತನ್ನು ಶೋಧಿಸಿ, ಹದಗೊಳಿಸಿ, ಯಂತ್ರದ ಒಂದೊಂದು ಅಂಗಕ್ಕೂ ಬೇಕಾದಷ್ಟೇ ಹಂಚುವ ಆ ಪೆಟ್ಟಿಗೆಗೆ ಅಂಗಡಿಯವರೂ ದುರಸ್ತಿಯವರೂ ಎಸ್.ಎಂ.ಪಿ.ಎಸ್. ಎನ್ನುತ್ತಾರೆ, ಸ್ವಿಚ್ ಮೋಡ್ ಪವರ್ ಸಪ್ಲೈ ಎಂಬುದು ಅದರ ಪೂರ್ಣ ಹೆಸರು. ಅದು ಲೆಕ್ಕ ಮಾಡುವುದಿಲ್ಲ, ಚಿತ್ರ ತೋರಿಸುವುದಿಲ್ಲ, ಯಂತ್ರದ ವೇಗವನ್ನೂ ಹೆಚ್ಚಿಸುವುದಿಲ್ಲ. ಆದ್ದರಿಂದಲೇ ಕೊಳ್ಳುವವರ ಪಟ್ಟಿಯಲ್ಲಿ ಅದಕ್ಕೆ ಕಡೆಯ ಸ್ಥಾನ. ಆದರೆ ಅದು ಕೆಟ್ಟರೆ ತಾನೊಂದೇ ಕೆಡುವುದಿಲ್ಲವೆಂಬುದನ್ನು ತಿಳಿದವರು ವಿರಳ.

ಪುಣೆಯ ವಾಯವ್ಯಕ್ಕೆ, ಹಳೆಯ ಮುಂಬಯಿ ಹೆದ್ದಾರಿಯ ಮೇಲಿರುವ ನಿಗಡಿಯಲ್ಲಿ ಈ ವಿಷಯಕ್ಕೆ ವಿಶೇಷ ಪ್ರಸಕ್ತಿಯಿದೆ. 1972ರಲ್ಲಿ ನವನಗರ ಪ್ರಾಧಿಕರಣವು ಸ್ಥಾಪನೆಯಾದ ಮೇಲೆ ಇಲ್ಲಿ ಬಡಾವಣೆಗಳು ಬೆಳೆದವು. ಭೋಸರಿ, ಚಿಂಚವಡ, ಆಕುರ್ಡಿಗಳ ಕಾರ್ಖಾನೆಗಳನ್ನು ನಂಬಿ ಬೆಳಗಾವಿ, ವಿಜಯಪುರ, ಕಲಬುರಗಿಗಳ ಕಡೆಯಿಂದ ಬಂದ ಕನ್ನಡ ಕುಟುಂಬಗಳು ನೆಲೆನಿಂತವು. ಅಂದು ಲೇಥ್ ಯಂತ್ರದ ಮುಂದೆ ನಿಂತವರ ಮಕ್ಕಳು ಹಾಗೂ ಮೊಮ್ಮಕ್ಕಳು ಇಂದು ಗಣಕಯಂತ್ರದ ಮುಂದೆ ಕುಳಿತಿದ್ದಾರೆ. 1999ರಲ್ಲಿ ಆರಂಭವಾದ ಪಿಂಪ್ರಿ ಚಿಂಚವಡ ಇಂಜಿನಿಯರಿಂಗ್ ಕಾಲೇಜು ನಿಗಡಿಯಲ್ಲಿಯೇ ಇದೆ. ಹಿಂಜವಡಿಯ ಮಾಹಿತಿ ತಂತ್ರಜ್ಞಾನದ ಕಚೇರಿಗಳೂ ದೂರವಿಲ್ಲ. ಹೀಗಾಗಿ ಬಿಡಿಭಾಗಗಳನ್ನು ಆರಿಸಿ ಜೋಡಿಸಿದ ‘ಅಸೆಂಬಲ್ಡ್’ ಯಂತ್ರವೊಂದು ಮನೆಗೆ ಬರುವುದು ಸಾಮಾನ್ಯ ಸಂಗತಿಯಾಗಿದೆ. ಮಗಳೋ ಮಗನೋ ಬರೆದುಕೊಟ್ಟ ಪಟ್ಟಿಯ ಮೊತ್ತವನ್ನು ಕಂಡು ಹಿರಿಯರು ಎಲ್ಲಿಯಾದರೂ ಎರಡು ಮೂರು ಸಾವಿರ ಇಳಿಸಬಹುದೇ ಎಂದು ನೋಡುತ್ತಾರೆ. ಕತ್ತರಿ ಬೀಳುವುದು ಬಹುಮಟ್ಟಿಗೆ ಎಸ್.ಎಂ.ಪಿ.ಎಸ್. ಮೇಲೆಯೇ. ಈ ಉಳಿತಾಯ ನಿಜವಾದ ಉಳಿತಾಯವೇ ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಪೆಟ್ಟಿಗೆಯೊಳಗಿನ ಕೆಲಸ

ಮನೆಗೆ ಬರುವ ವಿದ್ಯುತ್ತು 230 ವೋಲ್ಟ್‌ಗಳ ಪರ್ಯಾಯ ಪ್ರವಾಹ. ಸೆಕೆಂಡಿಗೆ 50 ಸಲ ದಿಕ್ಕಿನ ಆವರ್ತನವನ್ನು ಪೂರೈಸುವಂಥದು. ಗಣಕಯಂತ್ರದ ಅಂಗಗಳಿಗೆ ಬೇಕಾದದ್ದಾದರೋ 12, 5 ಮತ್ತು 3.3 ವೋಲ್ಟ್‌ಗಳ ನೇರ ಪ್ರವಾಹ. 50 ಆವರ್ತನಗಳ ಪ್ರವಾಹವನ್ನು ಹಾಗೆಯೇ ಇಳಿಸಬೇಕಾದರೆ ಬಹಳ ಭಾರದ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ. ಎಸ್.ಎಂ.ಪಿ.ಎಸ್. ಬೇರೆ ಉಪಾಯವನ್ನು ಹಿಡಿಯುತ್ತದೆ. ಒಳಬಂದ ಪ್ರವಾಹವನ್ನು ಮೊದಲು ಸುಮಾರು 325 ವೋಲ್ಟ್‌ಗಳ ನೇರ ಪ್ರವಾಹವನ್ನಾಗಿ ಮಾಡುತ್ತದೆ. ಅನಂತರ ಅದನ್ನು ಟ್ರಾನ್ಸಿಸ್ಟರುಗಳ ಮೂಲಕ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಒಂದು ಪುಟ್ಟ ಟ್ರಾನ್ಸ್‌ಫಾರ್ಮರಿನ ಮೂಲಕ ಹಾಯಿಸುತ್ತದೆ. ಆವರ್ತನ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರು ಚಿಕ್ಕದಾಗಬಹುದೆಂಬುದೇ ಇದರ ಗುಟ್ಟು. ಹೊರಬಂದ ತಗ್ಗು ವೋಲ್ಟೇಜನ್ನು ಮತ್ತೆ ನೇರಗೊಳಿಸಿ, ಕೆಪ್ಯಾಸಿಟರುಗಳಿಂದ ಸೋಸಿ, ಏರುಪೇರಾದೊಡನೆ ತಿದ್ದುವ ಕಾವಲನ್ನೂ ಇಡಲಾಗುತ್ತದೆ.

1981ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ಮೊದಲ ಪರ್ಸನಲ್ ಕಂಪ್ಯೂಟರಿನ ಎಸ್.ಎಂ.ಪಿ.ಎಸ್. ಸಾಮರ್ಥ್ಯ ಕೇವಲ 63.5 ವ್ಯಾಟ್. ಇಂದು ಚಿತ್ರಸಂಸ್ಕರಣೆಯ ಗ್ರಾಫಿಕ್ಸ್ ಕಾರ್ಡ್ ಒಂದೇ ಅದರ ಎರಡು ಮೂರು ಪಟ್ಟು ಬೇಡುತ್ತದೆ. 1995ರಲ್ಲಿ ಇಂಟೆಲ್ ಸಂಸ್ಥೆಯು ರೂಪಿಸಿದ ಎ.ಟಿ.ಎಕ್ಸ್. ಎಂಬ ಮಾನಕವೇ ಹಲವು ಪರಿಷ್ಕರಣೆಗಳೊಂದಿಗೆ ಇಂದಿಗೂ ನಡೆದುಬಂದಿದೆ. ಅದರಂತೆ ಮುಖ್ಯ ವೋಲ್ಟೇಜುಗಳು ಶೇಕಡಾ 5ಕ್ಕಿಂತ ಹೆಚ್ಚು ಏರಬಾರದು, ಇಳಿಯಬಾರದು. ಅಂದರೆ 12 ವೋಲ್ಟ್ ಎನ್ನುವುದು 11.4 ಮತ್ತು 12.6ರ ನಡುವೆಯೇ ಇರಬೇಕು. ಆ ನೇರ ಪ್ರವಾಹದ ಮೇಲೆ ಉಳಿಯುವ ಸಣ್ಣ ಅಲೆಗಳಿಗೂ ಮಿತಿಯುಂಟು: 12 ವೋಲ್ಟಿನ ತಂತಿಯಲ್ಲಿ 120 ಮಿಲಿವೋಲ್ಟ್, 5 ಮತ್ತು 3.3 ವೋಲ್ಟಿನ ತಂತಿಗಳಲ್ಲಿ 50 ಮಿಲಿವೋಲ್ಟ್. ರಕ್ತದೊತ್ತಡಕ್ಕೆ ವೈದ್ಯರು ಮಿತಿ ಹೇಳುವಂತೆಯೇ ಇದು. ಒತ್ತಡ ಸ್ವಲ್ಪ ಏರಿದ ದಿನವೇ ಮನುಷ್ಯ ಮಲಗುವುದಿಲ್ಲ. ವರ್ಷಗಟ್ಟಲೆ ಏರಿದ್ದರೆ ಅಂಗಾಂಗಗಳು ಸವೆಯುತ್ತವೆ. ಅಲೆಗಳು ತುಂಬಿದ ಪ್ರವಾಹವನ್ನು ಕುಡಿದ ಮದರ್‌ಬೋರ್ಡು ಹಾಗೂ ಡಿಸ್ಕುಗಳ ಗತಿಯೂ ಅದೇ.

ಹೆಸರುಪಟ್ಟಿಯನ್ನು ಓದುವ ಕ್ರಮ

ಪ್ರತಿ ಎಸ್.ಎಂ.ಪಿ.ಎಸ್. ಮೈಮೇಲೂ ಒಂದು ಪಟ್ಟಿ ಅಂಟಿಸಿರುತ್ತದೆ. ದಪ್ಪಕ್ಷರದ ‘450 ವ್ಯಾಟ್’ ಎಂಬುದನ್ನು ನೋಡಿ ತೃಪ್ತರಾಗುವುದು ಬ್ಯಾಲೆನ್ಸ್ ಷೀಟಿನ ಕೊನೆಯ ಮೊತ್ತವನ್ನಷ್ಟೇ ನೋಡಿ ಸಾಲ ಕೊಟ್ಟಂತೆ. ಒಳಗಿನ ಕಲಮುಗಳನ್ನು ಓದಬೇಕು. ಇಂದಿನ ಯಂತ್ರಗಳಲ್ಲಿ ಪ್ರೊಸೆಸರು ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ 12 ವೋಲ್ಟಿನ ತಂತಿಯಿಂದಲೇ ಆಹಾರ ಪಡೆಯುತ್ತವೆ. ಆದುದರಿಂದ 12 ವೋಲ್ಟಿನ ಮುಂದೆ ಎಷ್ಟು ಆಂಪಿಯರ್ ಎಂದು ಬರೆದಿದೆ ಎಂಬುದೇ ಮುಖ್ಯ. ಅಲ್ಲಿ 16 ಆಂಪಿಯರ್ ಎಂದಿದ್ದರೆ 12ನ್ನು 16ರಿಂದ ಗುಣಿಸಬೇಕು: 192 ವ್ಯಾಟ್. ಅಂದರೆ ‘450’ ಎಂಬ ಹೆಸರಿನ ಪೆಟ್ಟಿಗೆಯ ನಿಜವಾದ ಉಪಯುಕ್ತ ಶಕ್ತಿ ಅದರ ಅರ್ಧವೂ ಇಲ್ಲ. ಅದೇ 37 ಆಂಪಿಯರ್ ಎಂದಿದ್ದರೆ 444 ವ್ಯಾಟ್. ಇದು ಹೇಳಿದ ಮಾತಿಗೆ ತಪ್ಪದ ಪೆಟ್ಟಿಗೆ. ಕ್ಯಾಬಿನೆಟ್ಟಿನ ಜೊತೆಯಲ್ಲೇ ಉಚಿತವೆಂಬಂತೆ ಬರುವ ಎಸ್.ಎಂ.ಪಿ.ಎಸ್.ಗಳಲ್ಲಿ ಮೊದಲ ಬಗೆಯವು ಹೆಚ್ಚು. ‘ಪೀಕ್’ ಎಂಬ ಮಾತು ಕಂಡರೂ ಎಚ್ಚರ ಬೇಕು. ಅದು ಕ್ಷಣಕಾಲ ಎತ್ತಬಹುದಾದ ಭಾರವೇ ಹೊರತು ದಿನವಿಡೀ ಹೊರುವ ಭಾರವಲ್ಲ.

ಎಷ್ಟು ಸಾಮರ್ಥ್ಯ ಬೇಕು?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಇಲ್ಲಿ ತಿರುಗಿಸಿ ಹೇಳಬೇಕು: ಕಾಲಿನ ಉದ್ದವನ್ನು ಅಳೆದು ಹಾಸಿಗೆ ಕೊಳ್ಳಬೇಕು. ಇಂಜಿನಿಯರಿಂಗ್ ವಿದ್ಯಾರ್ಥಿಯ ಯಂತ್ರವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಪ್ರೊಸೆಸರಿನ ಮೇಲೆ 65 ವ್ಯಾಟ್ ಎಂದು ಬರೆದಿದ್ದರೂ ಪೂರ್ಣ ವೇಗದಲ್ಲಿ ಅದು ಅದಕ್ಕಿಂತ ಬಹಳ ಹೆಚ್ಚು ಎಳೆಯಬಲ್ಲದು. 150 ಎಂದು ಹಿಡಿಯಬೇಕು. ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡಿಗೆ 170. ಮದರ್‌ಬೋರ್ಡು, ಮೆಮೊರಿ, ಡಿಸ್ಕು, ಫ್ಯಾನುಗಳಿಗೆ ಒಟ್ಟು 70. ಕೂಡಿದರೆ 390 ವ್ಯಾಟ್. ಇದರ ಮೇಲೆ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಮೀಸಲು ನಿಧಿ ಇರಬೇಕು. ಆಗ 550 ವ್ಯಾಟಿನದು ಸರಿಯಾದ ಆಯ್ಕೆಯಾಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ, ಪತ್ರವ್ಯವಹಾರ, ಲೆಕ್ಕಪತ್ರ, ಮಕ್ಕಳ ಪಾಠಗಳಿಗೆ ಮೀಸಲಾದ ಯಂತ್ರಕ್ಕೆ 150 ವ್ಯಾಟ್ ಸಾಕು. ಅದಕ್ಕೆ ಒಳ್ಳೆಯ ಮಾದರಿಗಳಲ್ಲಿ ಅತಿ ಚಿಕ್ಕದಾದ 400 ಅಥವಾ 450 ವ್ಯಾಟಿನದನ್ನು ಕೊಂಡರೆ ಧಾರಾಳವಾಯಿತು. 850 ವ್ಯಾಟಿನದು ಬೇಕೆಂದು ಹಟಹಿಡಿಯುವುದು ಇಬ್ಬರ ಸಂಸಾರಕ್ಕೆ ಮದುವೆಯ ಕೊಪ್ಪರಿಗೆ ತಂದಂತೆ.

ಮೀಸಲು ಏಕೆ ಬೇಕೆಂದರೆ, ಗ್ರಾಫಿಕ್ಸ್ ಕಾರ್ಡುಗಳು ಸೆಕೆಂಡಿನ ಅತಿ ಸಣ್ಣ ಭಾಗದಲ್ಲಿ ಒಮ್ಮೆಗೇ ಹೆಚ್ಚು ಶಕ್ತಿಯನ್ನು ಸೆಳೆಯುತ್ತವೆ. ಇದನ್ನು ಮನಗಂಡು 2022ರಲ್ಲಿ ಬಂದ ಎ.ಟಿ.ಎಕ್ಸ್. 3.0 ಮಾನಕವು ಇಂಥ ಕ್ಷಣಿಕ ಸೆಳೆತವನ್ನು ತಾಳುವ ಗುಣವನ್ನು ವಿಧಿಸಿತು. ಅದೇ ವರ್ಷ ಬಂದ ಹೊಸ ಬಗೆಯ 16 ಪಿನ್‌ಗಳ ಕನೆಕ್ಟರು ಅತಿ ಬಲದ ಕೆಲವು ಕಾರ್ಡುಗಳಲ್ಲಿ ಕರಗಿದ ಪ್ರಸಂಗಗಳು ವರದಿಯಾದ ಮೇಲೆ 2023ರಲ್ಲಿ ಅದರ ರಚನೆಯನ್ನು ತಿದ್ದಲಾಯಿತು. ಕನೆಕ್ಟರು ಕೊನೆಯವರೆಗೂ ಸರಿಯಾಗಿ ಕುಳಿತಿದೆಯೇ ಎಂದು ನೋಡುವ ಅಭ್ಯಾಸವು ಯಾವ ಕಾರ್ಡಿಗಾದರೂ ಒಳ್ಳೆಯದೇ.

ಕಂಚು, ಬೆಳ್ಳಿ, ಬಂಗಾರ

ಪೆಟ್ಟಿಗೆಗಳ ಮೇಲೆ ‘80 ಪ್ಲಸ್’ ಎಂಬ ಮುದ್ರೆಯೂ ಅದರೊಡನೆ ಕಂಚು, ಬೆಳ್ಳಿ, ಬಂಗಾರಗಳ ಹೆಸರೂ ಕಾಣುತ್ತವೆ. 2004ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ಯೋಜನೆ ದಕ್ಷತೆಯನ್ನು ಅಳೆಯುತ್ತದೆ. ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಭಾಗ ಯಂತ್ರಕ್ಕೆ ಸಲ್ಲುತ್ತದೆ, ಎಷ್ಟು ಬಿಸಿಯಾಗಿ ವ್ಯರ್ಥವಾಗುತ್ತದೆ ಎಂಬುದೇ ಇದರ ವಿಷಯ. 115 ವೋಲ್ಟಿನ ಪರೀಕ್ಷೆಯಲ್ಲಿ, ಅರ್ಧ ಭಾರದಲ್ಲಿ, ಸಾಮಾನ್ಯ ಮುದ್ರೆಗೆ ಶೇಕಡಾ 80, ಕಂಚಿಗೆ 85, ಬೆಳ್ಳಿಗೆ 88, ಬಂಗಾರಕ್ಕೆ 90, ಪ್ಲಾಟಿನಮ್ಮಿಗೆ 92, ಟೈಟೇನಿಯಮ್ಮಿಗೆ 94 ದಕ್ಷತೆ ಇರಬೇಕು.

ಬಂಗಾರಕ್ಕೆ ಹೆಚ್ಚು ಹಣ ಕೊಡುವುದು ಲಾಭವೇ? ಜಮಾಖರ್ಚು ನೋಡೋಣ. ದಿನಕ್ಕೆ 6 ಗಂಟೆ, ವರ್ಷಕ್ಕೆ 300 ದಿನ, 300 ವ್ಯಾಟ್ ಭಾರದಲ್ಲಿ ದುಡಿಯುವ ಯಂತ್ರಕ್ಕೆ ಸಲ್ಲಬೇಕಾದದ್ದು 540 ಯೂನಿಟ್. ದಕ್ಷತೆ ಶೇಕಡಾ 80 ಆದರೆ ಮೀಟರಿನಲ್ಲಿ 675 ಯೂನಿಟ್ ಓಡುತ್ತದೆ; 90 ಆದರೆ 600. ವ್ಯತ್ಯಾಸ 75 ಯೂನಿಟ್. ಯೂನಿಟ್ಟಿಗೆ 10 ರೂಪಾಯಿ ಎಂದು ಭಾವಿಸಿದರೆ ವರ್ಷಕ್ಕೆ 750 ರೂಪಾಯಿ. ಎರಡು ಮೂರು ವರ್ಷಗಳಲ್ಲಿ ಹೆಚ್ಚು ಕೊಟ್ಟ ಬೆಲೆ ಹಿಂದಿರುಗಿತು. ಆದರೆ 60 ವ್ಯಾಟ್ ಮಾತ್ರ ಬಳಸುವ ಸರಳ ಯಂತ್ರದಲ್ಲಿ ಇದೇ ಲೆಕ್ಕದ ಉಳಿತಾಯ ವರ್ಷಕ್ಕೆ 15 ಯೂನಿಟ್, ಅಂದರೆ 150 ರೂಪಾಯಿ. ಅಂಥವರು ಬಂಗಾರದ ಹಿಂದೆ ಹೋಗಬೇಕಾಗಿಲ್ಲ. ಕಂಚಿನ ದರ್ಜೆಯ ಒಳ್ಳೆಯ ಮಾದರಿ ಸಾಕು.

ಇಲ್ಲಿ ಎರಡು ಮಾತು ನೆನಪಿಡಬೇಕು. ಮೊದಲನೆಯದು, ಈ ಮುದ್ರೆ ದಕ್ಷತೆಗೆ ಮಾತ್ರ ಸಾಕ್ಷಿ. ರಕ್ಷಣೆಗಾಗಲಿ ಬಾಳಿಕೆಗಾಗಲಿ ಅಲ್ಲ. ಎರಡನೆಯದು, ಆ ಪರೀಕ್ಷೆ ನಡೆಯುವುದು 23 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪಿನಲ್ಲಿ. ಪುಣೆಯ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಉಷ್ಣತೆ 40 ಡಿಗ್ರಿಯನ್ನು ಮುಟ್ಟುವುದುಂಟು. ಮುಚ್ಚಿದ ಕ್ಯಾಬಿನೆಟ್ಟಿನೊಳಗೆ ಇನ್ನೂ ಹೆಚ್ಚು. ಎಸ್.ಎಂ.ಪಿ.ಎಸ್. ಒಳಗೆ ಮೊದಲು ಮುಪ್ಪಾಗುವುದು ದ್ರವವನ್ನು ತುಂಬಿದ ಎಲೆಕ್ಟ್ರೊಲೈಟಿಕ್ ಕೆಪ್ಯಾಸಿಟರುಗಳು. ಉಷ್ಣತೆ 10 ಡಿಗ್ರಿ ಏರಿದರೆ ಅವುಗಳ ಆಯುಸ್ಸು ಹೆಚ್ಚು ಕಡಿಮೆ ಅರ್ಧವಾಗುತ್ತದೆ ಎಂಬುದು ಇಂಜಿನಿಯರುಗಳು ಬಳಸುವ ಸ್ಥೂಲ ನಿಯಮ. ಆದುದರಿಂದ 85 ಡಿಗ್ರಿಯ ಬದಲು 105 ಡಿಗ್ರಿ ತಾಳುವ ಕೆಪ್ಯಾಸಿಟರುಗಳುಳ್ಳ ಮಾದರಿಯನ್ನು ಆರಿಸಬೇಕು. ಪೂರ್ಣ ಸಾಮರ್ಥ್ಯವನ್ನು 40 ಅಥವಾ 50 ಡಿಗ್ರಿಯಲ್ಲಿಯೂ ಕೊಡುವೆನೆಂದು ತಯಾರಕನು ಬರೆದುಕೊಟ್ಟಿದ್ದರೆ ಅದು ಮಹತ್ವದ ಭರವಸೆ.

ಕಾವಲುಗಾರರು

ಒಳ್ಳೆಯ ಎಸ್.ಎಂ.ಪಿ.ಎಸ್. ತಾನು ಸಾಯುವಾಗ ಇತರರನ್ನು ಸಾಯಿಸುವುದಿಲ್ಲ. ವೋಲ್ಟೇಜು ಮಿತಿಮೀರಿ ಏರಿದಾಗ, ಇಳಿದಾಗ, ಆಂಪಿಯರ್ ಹೆಚ್ಚಿದಾಗ, ಒಟ್ಟು ಭಾರ ಮಿತಿ ದಾಟಿದಾಗ, ಷಾರ್ಟ್ ಸರ್ಕ್ಯೂಟ್ ಆದಾಗ, ಬಿಸಿ ಹೆಚ್ಚಿದಾಗ ಹೀಗೆ ಆರು ಸಂದರ್ಭಗಳಲ್ಲಿ ತಾನಾಗಿ ನಿಲ್ಲುವ ವ್ಯವಸ್ಥೆ ಅದರಲ್ಲಿರಬೇಕು. ಇವುಗಳಿಲ್ಲದ ಪೆಟ್ಟಿಗೆ ಕೆಡುವಾಗ 12 ವೋಲ್ಟ್ ಬೇಕಾದಲ್ಲಿಗೆ ಅದಕ್ಕಿಂತ ಬಹಳ ಹೆಚ್ಚನ್ನು ನುಗ್ಗಿಸಿ ಮದರ್‌ಬೋರ್ಡನ್ನೂ ಡಿಸ್ಕನ್ನೂ ಸುಡಬಹುದು. ಡಿಸ್ಕಿನೊಡನೆ ಹೋಗುವುದು ಕೇವಲ ಹಣವಲ್ಲ. ಪದವಿಯ ಪ್ರಾಜೆಕ್ಟು, ಮನೆಯ ಮದುವೆಯ ಚಿತ್ರಗಳು, ಊರಿನಲ್ಲಿ ತೀರಿಕೊಂಡ ಅಜ್ಜಿಯ ಧ್ವನಿ ಮುದ್ರಿಕೆ, ಇವಕ್ಕೆ ಯಾವ ಅಂಗಡಿಯಲ್ಲಿಯೂ ಬದಲು ಸಿಗುವುದಿಲ್ಲ.

ನಿಗಡಿಯಲ್ಲಿ ಕರೆಂಟು ಹೋಗಿ ಬರುವುದು ಹೊಸತಲ್ಲ. ಪುಣೆ ಪಿಂಪ್ರಿ–ಚಿಂಚವಡಗಳಲ್ಲಿ ಮಹಾವಿತರಣವು ದುರಸ್ತಿ ಕಾರ್ಯಕ್ಕಾಗಿ ಬಹುಮಟ್ಟಿಗೆ ಗುರುವಾರವನ್ನು ಆರಿಸಿಕೊಂಡು ಬಂದಿದೆ. ವೈಶಾಖದ ಗುಡುಗುಮಳೆಗೆ ವಾರವಿಲ್ಲ. ಕರೆಂಟು ಮಿಣುಕಿದಾಗ ಎಸ್.ಎಂ.ಪಿ.ಎಸ್. ತನ್ನ ದೊಡ್ಡ ಕೆಪ್ಯಾಸಿಟರಿನಲ್ಲಿ ಕೂಡಿಟ್ಟ ಶಕ್ತಿಯಿಂದ ಸುಮಾರು 16 ಮಿಲಿಸೆಕೆಂಡ್ ಯಂತ್ರವನ್ನು ನಡೆಸಬಲ್ಲದು. ಯು.ಪಿ.ಎಸ್. ಅಷ್ಟರೊಳಗೆ ಕೈಹಿಡಿಯಬೇಕು. ಅಗ್ಗದ ಪೆಟ್ಟಿಗೆಯಲ್ಲಿ ಆ ಕೆಪ್ಯಾಸಿಟರೂ ಚಿಕ್ಕದಾದ್ದರಿಂದ ಯು.ಪಿ.ಎಸ್. ಇದ್ದರೂ ಯಂತ್ರ ಆರಿಹೋಗುತ್ತದೆ. ಬೈಗುಳ ಮಾತ್ರ ಯು.ಪಿ.ಎಸ್.ಗೆ. 600 ವಿ.ಎ. ಎಂಬ ಯು.ಪಿ.ಎಸ್. ಸಾಮಾನ್ಯವಾಗಿ ಸುಮಾರು 360 ವ್ಯಾಟ್ ಮಾತ್ರ ಹೊರುತ್ತದೆಂಬುದನ್ನೂ ನೆನಪಿಡಬೇಕು. ಮನೆಯ ಇನ್ವರ್ಟರಿಗೆ ಜೋಡಿಸುವುದಾದರೆ ಅದು ಶುದ್ಧ ಸೈನ್ ತರಂಗ ಕೊಡುವಂಥದಾಗಿರಲಿ, ಅದರ ಸ್ವಿಚ್ಚು ಯು.ಪಿ.ಎಸ್. ಸ್ಥಾನದಲ್ಲಿರಲಿ.

ಕೈಗೆ ಜುಮ್ಮೆನ್ನುವುದೇಕೆ?

ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿದಾಗ ಬೆರಳು ಜುಮ್ಮೆನ್ನುವ ಅನುಭವ ಬಹಳ ಮನೆಗಳಲ್ಲುಂಟು. ‘ಸ್ವಲ್ಪ ಕರೆಂಟು ಬರುತ್ತದೆ, ಚಪ್ಪಲಿ ಹಾಕಿಕೊ’ ಎಂದು ಹೇಳಿ ಸುಮ್ಮನಾಗುತ್ತಾರೆ. ಕಾರಣ ಹೀಗಿದೆ. ಎಸ್.ಎಂ.ಪಿ.ಎಸ್. ಒಳಗೆ ಗದ್ದಲದ ತರಂಗಗಳನ್ನು ಸೋಸಲು ಎರಡು ಪುಟ್ಟ ಕೆಪ್ಯಾಸಿಟರುಗಳು ವಿದ್ಯುತ್ತಿನ ಎರಡೂ ತಂತಿಗಳಿಂದ ಲೋಹದ ಮೈಗೆ ಜೋಡಣೆಯಾಗಿರುತ್ತವೆ. ಅರ್ಥಿಂಗ್ ಸರಿಯಾಗಿದ್ದರೆ ಅವುಗಳಿಂದ ಸೋರುವ ಅಲ್ಪ ಪ್ರವಾಹ ಭೂಮಿಗೆ ಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಲೋಹದ ಮೈ ಸುಮಾರು 115 ವೋಲ್ಟಿನಲ್ಲಿ ನಿಲ್ಲುತ್ತದೆ. ಆ ಪ್ರವಾಹ ಬಹಳ ಅಲ್ಪವಾದ್ದರಿಂದ ಅದೊಂದೇ ಪ್ರಾಣ ತೆಗೆಯುವುದಿಲ್ಲ. ಆದರೆ ಅದು ನೀಡುವ ಸೂಚನೆ ಗಂಭೀರವಾದದ್ದು: ಮುಂದೊಂದು ದಿನ ಒಳಗಿನ ತಂತಿ ನಿಜವಾಗಿ ಲೋಹಕ್ಕೆ ತಗಲಿದರೆ ಪ್ರವಾಹಕ್ಕೆ ಭೂಮಿಗೆ ಹೋಗುವ ದಾರಿಯಿಲ್ಲ, ಫ್ಯೂಸು ಹಾರುವುದಿಲ್ಲ, ಮುಟ್ಟಿದವರ ದೇಹವೇ ದಾರಿಯಾಗುತ್ತದೆ. ಜುಮ್ಮೆನ್ನುವುದು ಜ್ವರವಿದ್ದಂತೆ, ಅದು ರೋಗದ ಲಕ್ಷಣ. ಬಾಡಿಗೆಯ ಮನೆಯಾದರೂ ಪರವಾನಗಿ ಪಡೆದ ಕೆಲಸಗಾರನಿಂದ ಅರ್ಥಿಂಗ್ ಪರೀಕ್ಷಿಸಿಕೊಳ್ಳಬೇಕು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸುವ ಅಡಾಪ್ಟರನ್ನು ಎಂದೂ ಬಳಸಬಾರದು. 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಸ್ವಿಚ್ಚು ಮನೆಯಲ್ಲಿದ್ದರೆ ಅದು ಮಕ್ಕಳಿಗೂ ಮುದುಕರಿಗೂ ಎರಡನೆಯ ರಕ್ಷೆ.

ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಲೇಬಾರದು. ಪ್ಲಗ್ಗು ತೆಗೆದ ಮೇಲೆಯೂ ಒಳಗಿನ ಕೆಪ್ಯಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿದ ವಿದ್ಯುತ್ತು ಉಳಿದಿರಬಹುದು. ಸುಟ್ಟ ವಾಸನೆ ಅಥವಾ ಹೊಗೆ ಬಂದರೆ ಮುಖ್ಯ ಸ್ವಿಚ್ಚನ್ನು ಆರಿಸಬೇಕು, ನೀರು ಸುರಿಯಬಾರದು.

ರೋಗ ಒಂದು, ಚಿಕಿತ್ಸೆ ಇನ್ನೊಂದು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಎಸ್.ಎಂ.ಪಿ.ಎಸ್. ವಿಷಯದಲ್ಲಿ ಅಕ್ಷರಶಃ ನಿಜ. ಭಾರದ ಕೆಲಸ ಮಾಡುವಾಗ ಯಂತ್ರ ತಾನಾಗಿ ಮರುಪ್ರಾರಂಭವಾಗುವುದು, ಬೆಳಿಗ್ಗೆ ಮೊದಲ ಸಲಕ್ಕೆ ಎಚ್ಚರಗೊಳ್ಳದಿರುವುದು, ಕಾರಣವಿಲ್ಲದೆ ನೀಲಿ ಪರದೆ ಕಾಣಿಸುವುದು, ಡಿಸ್ಕು ಟಕಟಕ ಎನ್ನುವುದು, ಇವೆಲ್ಲ ದುರ್ಬಲ ಎಸ್.ಎಂ.ಪಿ.ಎಸ್. ಲಕ್ಷಣಗಳಿರಬಹುದು. ಆದರೆ ವಿಂಡೋಸ್ ಮತ್ತೆ ಮತ್ತೆ ಹಾಕಿಸುತ್ತಾರೆ, ಮೆಮೊರಿ ಬದಲಿಸುತ್ತಾರೆ. ಇಂಥ ದೂರು ಕಂಡಾಗ ಯಂತ್ರವು ಭಾರದಲ್ಲಿರುವಂತೆಯೇ ವೋಲ್ಟೇಜು ಅಳೆಯುವಂತೆ ತಂತ್ರಜ್ಞನನ್ನು ಕೇಳಬೇಕು. ಇಲ್ಲವೆ ಒಳ್ಳೆಯದೆಂದು ಖಚಿತವಾದ ಇನ್ನೊಂದು ಎಸ್.ಎಂ.ಪಿ.ಎಸ್. ಜೋಡಿಸಿ ನೋಡುವಂತೆ ಹೇಳಬೇಕು.

ಅಂಗಡಿಯಲ್ಲಿ

ಪುಣೆಯ ಬುಧವಾರ ಪೇಠೆಯ ತಾಪಕೀರ ಗಲ್ಲಿಯಾಗಲಿ, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಾಗಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ, ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳು ಒಂದೇ. 12 ವೋಲ್ಟಿನಲ್ಲಿ ಎಷ್ಟು ಆಂಪಿಯರ್? ಖಾತರಿ ಎಷ್ಟು ವರ್ಷ, ಅದರ ಸೇವಾ ಕೇಂದ್ರ ಎಲ್ಲಿ? ಮದರ್‌ಬೋರ್ಡಿನ 24 ಪಿನ್, ಪ್ರೊಸೆಸರಿನ 8 ಪಿನ್, ಗ್ರಾಫಿಕ್ಸ್ ಕಾರ್ಡಿನ ಕನೆಕ್ಟರುಗಳು ನೇರವಾಗಿ ಇವೆಯೇ, ಅಥವಾ ಅಡಾಪ್ಟರ್ ಬೇಕೇ? ಭಾರತೀಯ ಮಾನಕ ಬ್ಯೂರೋದ ಗುರುತೂ ‘ಆರ್’ ಅಕ್ಷರದಿಂದ ಮೊದಲಾಗುವ ನೋಂದಣಿ ಸಂಖ್ಯೆಯೂ ಇವೆಯೇ? ಆ ಸಂಖ್ಯೆಯನ್ನು ಬ್ಯೂರೋದ ‘ಬಿ.ಐ.ಎಸ್. ಕೇರ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ನಿಂತಲ್ಲಿಯೇ ಪರಿಶೀಲಿಸಬಹುದು. ಪೆಟ್ಟಿಗೆಯನ್ನು ಕೈಯಲ್ಲಿ ತೂಗಿ ನೋಡುವುದೂ ಒಂದು ಹಳೆಯ ಪರೀಕ್ಷೆ; ಒಳಗೆ ಸರಕು ಕಡಿಮೆಯಿದ್ದರೆ ಪೆಟ್ಟಿಗೆ ಹಗುರ. ಕ್ರಮಸಂಖ್ಯೆ ನಮೂದಿಸಿದ ಜಿ.ಎಸ್.ಟಿ. ಬಿಲ್ಲನ್ನು ಪಡೆಯದೆ ಅಂಗಡಿಯಿಂದ ಇಳಿಯಬಾರದು.

ಬೆಲೆಯನ್ನು ಖಾತರಿಯ ವರ್ಷಗಳಿಂದ ಭಾಗಿಸಿ ನೋಡುವುದು ಉಪಯುಕ್ತ. 1,500 ರೂಪಾಯಿಯ ಪೆಟ್ಟಿಗೆಗೆ ಒಂದು ವರ್ಷದ ಖಾತರಿ, 4,500 ರೂಪಾಯಿಯದಕ್ಕೆ ಐದು ವರ್ಷದ ಖಾತರಿ ಎಂದಿದ್ದರೆ, ಮೊದಲನೆಯದರ ವಾರ್ಷಿಕ ವೆಚ್ಚ 1,500, ಎರಡನೆಯದರದು 900. ಹೆಚ್ಚು ಬೆಲೆಯದೇ ಅಗ್ಗವಾಯಿತು. 60,000 ರೂಪಾಯಿಯ ಯಂತ್ರವನ್ನು ಕಾಯಲು ಇಷ್ಟು ವಿಮಾ ಕಂತು ಹೆಚ್ಚೇನಲ್ಲ.

ಬಿಡಿಸಿ ಜೋಡಿಸುವ ತಂತಿಗಳುಳ್ಳ ಮಾಡ್ಯುಲರ್ ಮಾದರಿಗಳಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಂದು ಎಸ್.ಎಂ.ಪಿ.ಎಸ್. ತಂತಿಯನ್ನು ಇನ್ನೊಂದಕ್ಕೆ ಬಳಸಬಾರದು. ತುದಿಗಳು ಒಂದೇ ರೀತಿ ಕಂಡರೂ ಒಳಗಿನ ಪಿನ್ನುಗಳ ಕ್ರಮ ಬೇರೆಯಿರುತ್ತದೆ. 5 ವೋಲ್ಟ್ ಇರಬೇಕಾದಲ್ಲಿ 12 ಬಂದು ಡಿಸ್ಕು ಒಂದು ಕ್ಷಣದಲ್ಲಿ ಸುಟ್ಟುಹೋದೀತು.

ಮನೆಗೆ ತಂದ ಮೇಲೆ

ಪಥ್ಯವಿಲ್ಲದೆ ಔಷಧವಿಲ್ಲ. ಯಂತ್ರವನ್ನು ಗೋಡೆಗೆ ಒತ್ತಿ ಇಡದೆ, ಕಪಾಟಿನೊಳಗೆ ಮುಚ್ಚದೆ, ಹಿಂದೆ ಒಂದು ಗೇಣು ಗಾಳಿಯಾಡುವಷ್ಟು ಸ್ಥಳ ಬಿಡಬೇಕು. ಫ್ಯಾನು ಕೆಳಮುಖವಾಗಿದ್ದರೆ ಕ್ಯಾಬಿನೆಟ್ಟನ್ನು ಚಾಪೆ, ಜಮಖಾನೆಗಳ ಮೇಲೆ ಇಡಬಾರದು. ಮೂರು ನಾಲ್ಕು ತಿಂಗಳಿಗೊಮ್ಮೆ, ಪ್ಲಗ್ಗನ್ನು ತೆಗೆದು, ಜಾಲರಿಯ ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ಹೊರಗಿನಿಂದಲೇ ತೆಗೆಯಬೇಕು. ಗುಡುಗು ಮೊದಲಾದೊಡನೆ ವಿದ್ಯುತ್ತಿನ ಪ್ಲಗ್ಗನ್ನೂ ಇಂಟರ್‌ನೆಟ್ಟಿನ ತಂತಿಯನ್ನೂ ತೆಗೆಯುವುದು ಯಾವ ಸ್ಪೈಕ್ ಗಾರ್ಡಿಗಿಂತಲೂ ಮೇಲು. ಬೆಲೆಬಾಳುವ ಕಡತಗಳ ಒಂದು ಪ್ರತಿ ಬೇರೊಂದು ಡಿಸ್ಕಿನಲ್ಲಿರಲಿ, ಅತ್ಯುತ್ತಮ ಎಸ್.ಎಂ.ಪಿ.ಎಸ್. ಸಹ ಅದಕ್ಕೆ ಬದಲಲ್ಲ.

ಈ ಹೆದ್ದಾರಿಯಲ್ಲಿ ಬೋರಘಟ್ಟವನ್ನಿಳಿದರೆ ಸಿಗುವ ಖೋಪೋಲಿಯಲ್ಲಿ 1915ರಿಂದ ಟಾಟಾ ಅವರ ಜಲವಿದ್ಯುತ್ ಕೇಂದ್ರವುಂಟು. ಕನ್ನಡನಾಡಿನ ಶಿವನಸಮುದ್ರವು ಅದಕ್ಕೂ ಮೊದಲೇ, 1902ರಲ್ಲಿಯೇ, ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಕಳಿಸಿತ್ತು. ಅಷ್ಟು ದೂರದಿಂದ, ಅಷ್ಟು ಜನರ ಶ್ರಮದಿಂದ ಮನೆಯ ಬಾಗಿಲಿಗೆ ಬರುವ ಶಕ್ತಿಯ ಕೊನೆಯ ಎರಡು ಮೊಳದ ಹೊಣೆ ಮನೆಯವರದು. ಮುಂದಿನ ಸಲ ಮಕ್ಕಳು ಪಟ್ಟಿ ತಂದಾಗ ಹಿರಿಯರು ಕತ್ತರಿ ಹಾಕಲೇಬೇಕಾದರೆ ಬಣ್ಣದ ದೀಪಗಳ ಮೇಲೆ ಹಾಕಲಿ, ಗಾಜಿನ ಕ್ಯಾಬಿನೆಟ್ಟಿನ ಮೇಲೆ ಹಾಕಲಿ, ಎಸ್.ಎಂ.ಪಿ.ಎಸ್. ಸಾಲನ್ನು ಮುಟ್ಟದೆ ಬಿಡಲಿ.